ಎರರ್ ಬಂತಂದ್ರ ಅಂಜಬ್ಯಾಡ್ರಿ, ಮೊದಲು ಓದ್ರಿ

ಲೇಖನ: 7ನೇ ತರಗತಿ ವಿದ್ಯಾರ್ಥಿನಿ, ಕಪನೂರ



ಹೋದ ಸಂಚಿಕೆಯಲ್ಲಿ ನಮ್ಮ ಸಂಪಾದಕ ಮಂಡಳಿಯವರು ಕಂಪ್ಯೂಟರಿನ ಭಾಗಗಳ ಚಿತ್ರ ಬಿಡಿಸಿ ಹಚ್ಚಿದ್ದರು. ಮಾನಿಟರ್, ಕೀಬೋರ್ಡ್, ಮೌಸ್ ಎಲ್ಲಾ ನಿಮಗೆ ಗೊತ್ತಾಗಿವೆ. ಈ ಸಲ ಅದೇ ಕಂಪ್ಯೂಟರಿನಲ್ಲಿ ಇಂಟರ್ನೆಟ್ ನೋಡುವಾಗ ಬರುವ ಎರರ್‌ಗಳ ಬಗ್ಗೆ ಬರೆಯುತ್ತೇನೆ. ನಮ್ಮ ತರಗತಿಯಲ್ಲಿ ಮನೆಯಲ್ಲಿ ಕಂಪ್ಯೂಟರ್ ಇರುವವರು ಮೂರೇ ಮಂದಿ. ಹಂಗಂತ ಉಳಿದವರು ಓದೋದು ಬ್ಯಾಡ ಅಂತಲ್ಲ, ಮೊಬೈಲಿನಲ್ಲೂ ಇವೇ ಎರರ್ ಬರ್ತಾವ.

ವೆಬ್‌ಸೈಟುಗಳನ್ನು ತೆರೆದು ತೋರಿಸುವ ಸಾಫ್ಟ್‌ವೇರಿಗೆ ಬ್ರೌಸರ್ ಎನ್ನುತ್ತಾರೆ. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಇವೆಲ್ಲ ಬ್ರೌಸರ್‌ಗಳು. ಮೊಟ್ಟಮೊದಲ ಬ್ರೌಸರನ್ನು 1990ರಲ್ಲಿ ಟಿಮ್ ಬರ್ನರ್ಸ್ ಲೀ ಎಂಬ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಜಿನೀವಾ ಹತ್ತಿರದ ಸರ್ನ್ ಸಂಸ್ಥೆಯಲ್ಲಿ ಬರೆದರು. ಬ್ರೌಸರ್ ಅಂದರೇ ಇಂಟರ್ನೆಟ್ ಅಂತ ಬಹಳ ಮಂದಿ ತಿಳಿದಿದ್ದಾರೆ. ಅದು ತಪ್ಪು. ಬ್ರೌಸರ್ ಬರೀ ಕಿಟಕಿ. ಕಿಟಕಿ ಹೊರಗ ಏನದ ಅನ್ನೋದು ಬೇರೆ ಮಾತು.

ಈಗ ನಮ್ಮ ಮನೆಯ ಕಥೆ. ನನ್ನ ಅಕ್ಕ ಕಲಬುರಗಿಯಲ್ಲಿ ಪಿಯುಸಿ ಓದುತ್ತಾಳೆ. ಆಕೆಯ ಸ್ಕಾಲರ್‌ಷಿಪ್ ಅರ್ಜಿಯನ್ನು ವೆಬ್‌ಸೈಟಿನಲ್ಲೇ ತುಂಬಬೇಕು. ಕೊನೇ ದಿನಾಂಕಕ್ಕೆ ಮೂರು ದಿನ ಉಳಿದಿತ್ತು. ಸ್ಕಾಲರ್‌ಷಿಪ್ ಬರಲಿಲ್ಲ ಅಂದ್ರ ಮುಂದಿನ ವರ್ಷದ ಫೀಸಿಗೆ ಅಪ್ಪ ಸಾಲ ಮಾಡಬೇಕು. ನಮ್ಮ ಕಂಪ್ಯೂಟರ್ ಹಳೇದು, ಕಾಕಾ ಅಗ್ಗಕ್ಕೆ ತಂದುಕೊಟ್ಟದ್ದು. ಅದರಾಗ ವಿಂಡೋಸ್ 7 ಅದ. ನೆಟ್ಟಿಗೆ ಅಪ್ಪನ ಮೊಬೈಲನ್ನು ವೈರಿನಿಂದ ಜೋಡಿಸುತ್ತೇವೆ. ಅಪ್ಪ ಇಂಡಸ್ಟ್ರಿಯಲ್ ಏರಿಯಾದ ದಾಲ್ ಮಿಲ್ಲಿಗೆ ಹೋದರೆ ಮೊಬೈಲ್ ಹೋಗ್ತದ, ನೆಟ್ಟೂ ಹೋಗ್ತದ. ಹೀಗಾಗಿ ನಮ್ಮ ಇಂಟರ್ನೆಟ್ ಸಂಜೆ ಏಳಕ್ಕೆ ಬಂದು ರಾತ್ರಿ ಹತ್ತಕ್ಕೆ ಮಲಗುತ್ತದೆ.

ಮೊದಲನೇ ದಿನ ಅಕ್ಕ ಕ್ರೋಮ್ ತೆರೆದಳು. ವೆಬ್‌ಸೈಟ್ ಬರಲೇ ಇಲ್ಲ. ಅದರ ಬದಲು ಒಂದು ಬಿಳಿ ಪುಟ ಬಂತು, ಅದರಲ್ಲಿ ಇಂಗ್ಲಿಷಿನಲ್ಲಿ ದೊಡ್ಡದಾಗಿ ಏನೋ ಬರೆದಿತ್ತು. ಅಕ್ಕ ಓದಲಿಲ್ಲ, ಪುಟವನ್ನು ಮತ್ತೆ ಮತ್ತೆ ರಿಫ್ರೆಶ್ ಮಾಡಿದಳು. ನಾನೂ ಇಪ್ಪತ್ತು ಸಲ ಮಾಡಿದೆ. ಆಮೇಲೆ ನನಗೆ ಒಂದು ಬುದ್ಧಿ ಹೊಳೆಯಿತು, ಅದೇ ಕೆಟ್ಟ ಬುದ್ಧಿ. ಹಿಸ್ಟರಿ ಅಳಿಸಿದರೆ ಎಲ್ಲಾ ಸರಿಯಾಗ್ತದ ಅಂತ ಯಾರೋ ಹೇಳಿದ್ದು ನೆನಪಿತ್ತು. ಅಲ್ಲಿದ್ದ ಎಲ್ಲಾ ಚೌಕಗಳಿಗೂ ಟಿಕ್ ಹಾಕಿ ಅಳಿಸಿಬಿಟ್ಟೆ. ಅದರೊಳಗೆ ಅಕ್ಕನ ಪಾಸ್‌ವರ್ಡ್ ಕೂಡ ಹೋಯಿತು!

"ಯಾರ ಹೇಳಿದ್ರು ನಿಂಗ ಅದನ್ನ ಅಳಸು ಅಂತ?" ಅಂತ ಅಕ್ಕ ಅಳು ಮುಖ ಮಾಡಿದಳು. ನನಗೆ ಉತ್ತರ ಬರಲಿಲ್ಲ.

ಆದ್ದರಿಂದ ಇದನ್ನು ಇಲ್ಲೇ ಹೇಳಿಬಿಡುತ್ತೇನೆ. ಅಳಿಸುವ ಪಟ್ಟಿಯಲ್ಲಿ ಕ್ಯಾಶ್ ಎಂದರೆ ಹಿಂದೆ ನೋಡಿದ ಪುಟಗಳ ಚಿತ್ರ ಮೊದಲಾದವುಗಳ ನಕಲು. ಅದನ್ನು ಅಳಿಸಿದರೆ ಏನೂ ನಷ್ಟ ಇಲ್ಲ. ಪುಟ ಅರ್ಧಂಬರ್ಧ ಕಾಣುತ್ತಿದ್ದರೆ ಅದರಿಂದ ಸರಿಯಾಗಬಹುದು. ಕುಕೀ ಎಂದರೆ ವೆಬ್‌ಸೈಟ್ ನಮ್ಮ ಗುರುತಿಗೆ ಇಟ್ಟ ಚೀಟಿ, ಅದು ಹೋದರೆ ಮತ್ತೆ ಲಾಗಿನ್ ಆಗಬೇಕು. ಪಾಸ್‌ವರ್ಡ್ ಎನ್ನುವ ಚೌಕವನ್ನು ಮಾತ್ರ ಮುಟ್ಟಲೇಬ್ಯಾಡ್ರಿ.

ಅಷ್ಟರಲ್ಲಿ ನಾನು ಆ ದೊಡ್ಡ ಅಕ್ಷರ ಓದಿದೆ. "ಯುವರ್ ಕ್ಲಾಕ್ ಈಸ್ ಬಿಹೈಂಡ್" ಅಂತ ಇತ್ತು. ಇನ್, ಆನ್, ಅಂಡರ್, ಬಿಹೈಂಡ್ ನಮಗೆ ಇಂಗ್ಲಿಷ್ ಪಾಠದಲ್ಲಿ ಬಂದಿವೆ. ಬಿಹೈಂಡ್ ಅಂದರೆ ಹಿಂದೆ. ಗಡಿಯಾರದ ಹಿಂದೆ ಏನೋ ಅದ ಅಂತ ನನ್ನ ತಮ್ಮ ಕುರ್ಚಿ ಹತ್ತಿ ಗೋಡೆ ಗಡಿಯಾರದ ಹಿಂದೆ ನೋಡಿದ. ಹಲ್ಲಿ ಇತ್ತು. ಅಕ್ಕ ಗೋಡೆ ನೋಡಿ, "ಗಡಿಯಾರ ಸರೀನೇ ಅದಲ್ಲ, ಏಳೂವರಿ ಆಗ್ಯಾದ" ಅಂದಳು. ಎಲ್ಲರೂ ನಕ್ಕೆವು. ಆಮೇಲೆ ನನ್ನ ಕಣ್ಣು ಪರದೆಯ ಬಲಗಡೆ ಕೆಳಗಿನ ಮೂಲೆಗೆ ಹೋಯಿತು. ಅಲ್ಲಿ ದಿನಾಂಕ 1 ಜನವರಿ 2009 ಅಂತ ಇತ್ತು! ನಮ್ಮ ಕಂಪ್ಯೂಟರಿನ ಲೆಕ್ಕದಲ್ಲಿ ನಾನಿನ್ನೂ ಹುಟ್ಟೇ ಇರಲಿಲ್ಲ.

ದಿನಾಂಕ ತಪ್ಪಾದರೆ ವೆಬ್‌ಸೈಟ್ ಯಾಕೆ ತೆರೆಯುವುದಿಲ್ಲ? ಇದು ನನಗೆ ಬಹಳ ಸೋಜಿಗ ಎನಿಸಿತು. ಕಾರಣ ಹೀಗಿದೆ. ಹೆಸರಿನ ಮುಂದೆ ಎಚ್‌ಟಿಟಿಪಿಎಸ್ ಎಂದಿರುವ ಪ್ರತಿ ವೆಬ್‌ಸೈಟಿಗೂ ಒಂದು ಸರ್ಟಿಫಿಕೇಟ್ ಇರುತ್ತದೆ. ಅದು ನಮ್ಮ ಬಸ್ ಪಾಸ್ ಇದ್ದ ಹಾಗೆ. ಪಾಸಿನ ಮೇಲೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಬರೆದಿರ್ತದ. ಬ್ರೌಸರ್ ಕಂಡಕ್ಟರ್ ಇದ್ದಂಗ, ಪಾಸಿನ ದಿನಾಂಕ ನೋಡಿಯೇ ಒಳಗೆ ಬಿಡುತ್ತದೆ. ಆದರೆ ಕಂಡಕ್ಟರ್ ಕೈಯಾಗಿನ ಕ್ಯಾಲೆಂಡರೇ 2009ರದು ಆಗಿದ್ದರೆ? ಎಲ್ಲರ ಪಾಸೂ ಇನ್ನೂ ಶುರುವಾಗಿಲ್ಲ ಅಂತಾನ! ಎಲ್ಲರನ್ನೂ ಇಳಿಸ್ತಾನ. ಈ ಪಾಸಿಗೆ ಆಯುಷ್ಯವೂ ಕಡಿಮೆ. 2020ರ ಸೆಪ್ಟೆಂಬರಿನಿಂದ ಹೊಸ ಸರ್ಟಿಫಿಕೇಟಿಗೆ 398 ದಿನದ ಮಿತಿ ಹಾಕಿದರು. 2026ರ ಮಾರ್ಚ್ 15ರಿಂದ ಕೊಡುವವಕ್ಕೆ 200 ದಿನ ಎಂದು ಗೊತ್ತುಮಾಡಿದ್ದಾರೆ.

ಮೂಲೆಯ ದಿನಾಂಕದ ಮೇಲೆ ಒತ್ತಿ ದಿನ, ವೇಳೆ ಸರಿ ಮಾಡಿದೆವು. ವೆಬ್‌ಸೈಟ್ ತೆರೆಯಿತು. ಪಾಸ್‌ವರ್ಡ್ ಹೋಗಿತ್ತಲ್ಲ, ಹೊಸದು ಮಾಡುವುದರಲ್ಲೇ ಹತ್ತು ಗಂಟೆ ಆಯಿತು. ಅಪ್ಪ ಮೊಬೈಲ್ ತಗೊಂಡು ಮಲಗಿದರು.

ಎರಡನೇ ದಿನ ಕಂಪ್ಯೂಟರ್ ಹಚ್ಚಿದರೆ ಮತ್ತೆ 2009! ಕಾಕಾ ಬಂದಿದ್ದರು. ಅವರು ಕೇಳಿದರು, "ರಾತ್ರಿ ಬೋರ್ಡಿನ ಸ್ವಿಚ್ ಆರಿಸ್ತೀರೇನು?" ಹೌದು, ಅಪ್ಪ ದಿನಾ ಆರಿಸ್ತಾರ. ಕಾಕಾ ವೈರ್ ಕಿತ್ತಿಟ್ಟು ಸಿಪಿಯು ಡಬ್ಬಿ ಬಿಚ್ಚಿದರು. ಒಳಗೆ ಮದರ್‌ಬೋರ್ಡಿನ ಮೇಲೆ ರೂಪಾಯಿ ನಾಣ್ಯದಂಥ ಒಂದು ಸೆಲ್ ಇತ್ತು. ಕರೆಂಟ್ ಇಲ್ಲದಾಗ ಕಂಪ್ಯೂಟರಿನ ಗಡಿಯಾರವನ್ನು ನಡೆಸುವುದು ಅದೇ. ಅದು ಸತ್ತಿತ್ತು. ಸ್ವಿಚ್ ಆರಿಸಿದ ಕೂಡಲೇ ಗಡಿಯಾರ ನಿಂತು ಹಳೇ ದಿನಾಂಕಕ್ಕೆ ಹೋಗುತ್ತಿತ್ತು. ಆ ಸೆಲ್ಲಿನ ಹೆಸರು ಸಿಆರ್ 2032. ಈ ನಂಬರಿಗೂ ಅರ್ಥ ಅದ. 20 ಎಂದರೆ 20 ಮಿಲಿಮೀಟರ್ ಅಗಲ, 32 ಎಂದರೆ 3.2 ಮಿಲಿಮೀಟರ್ ದಪ್ಪ. ಅದು 3 ವೋಲ್ಟಿನದು. ಕಾಕಾ ಹೊಸದು ತಂದು ಹಾಕಿದರು. ಹಳೇದನ್ನು ತಮ್ಮ ಆಡಲಿಕ್ಕೆ ಕೇಳಿದ, ಅವ್ವ ಕೊಡಲಿಲ್ಲ. ಅವಳು ಮಾಡಿದ್ದೇ ಸರಿ. ಸಣ್ಣ ಮಕ್ಕಳು ಅದನ್ನು ನುಂಗಿದರೆ ಎರಡೇ ತಾಸಿನಲ್ಲಿ ಗಂಟಲೊಳಗೆ ಸುಡುತ್ತದೆ, ಕೂಡಲೇ ದವಾಖಾನೆಗೆ ಓಡಬೇಕಾಗುತ್ತದೆ.

ಹೀಗೆ ನಮ್ಮ ತಪ್ಪು ನಮ್ಮ ಮನೆಯೊಳಗೇ ಇತ್ತು. ನಾವು ಮಾತ್ರ ಎರಡು ದಿನ ವೆಬ್‌ಸೈಟಿನವರನ್ನೇ ಬೈದೆವು. ಎರರ್ ಬಂದಾಗ ತಪ್ಪು ಎಲ್ಲಿದೆ ಎಂದು ತಿಳಿಯುವುದು ಹೇಗೆ? ನಾನು ಕಮಲಾಪುರದ ಕೆಂಪು ಬಾಳೆಹಣ್ಣಿನ ಉದಾಹರಣೆ ಕೊಡುತ್ತೇನೆ. ನೀವು ಕಪನೂರಿನಿಂದ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಹಣ್ಣು ತರಲಿಕ್ಕೆ ಹೊಂಟೀರಿ ಅನ್ನಿ. ಖಾಲಿ ಕೈಲೆ ಬಂದ್ರಿ. ಯಾಕೆ?

ಒಂದು, ನೀವು ಮನೆ ಬಿಟ್ಟು ಹೊಂಟೇ ಇಲ್ಲ, ಬಸ್ಸೇ ಬಂದಿಲ್ಲ. ಬ್ರೌಸರಿನಲ್ಲಿ ಇದಕ್ಕೆ "ನೋ ಇಂಟರ್ನೆಟ್" ಅಂತ ಬರುತ್ತದೆ. ಕ್ರೋಮಿನಲ್ಲಿ ಒಂದು ಡೈನೋಸಾರ್ ನಿಂತಿರುತ್ತದೆ. ನೆಟ್ ಇಲ್ಲದ ಕಾಲ ಅಂದರೆ ಡೈನೋಸಾರ್ ಕಾಲ ಅಂತ ತಮಾಷೆಗೆ 2014ರಲ್ಲಿ ಇದನ್ನು ಇಟ್ಟರು. ಸ್ಪೇಸ್ ಬಾರ್ ಒತ್ತಿದರೆ ಅದು ಓಡುತ್ತದೆ. ಅಪ್ಪ ಮಿಲ್ಲಿಗೆ ಹೋಗೋದನ್ನೇ ನನ್ನ ತಮ್ಮ ಕಾಯುತ್ತಾನೆ! ಇದಕ್ಕೆ ಔಷಧ ಸರಳ. ವೈರ್ ನೋಡ್ರಿ, ಡಾಟಾ ಉಳಿದದ ಏನು ನೋಡ್ರಿ, ಮೊಬೈಲಿನ ಏರೋಪ್ಲೇನ್ ಗುರುತನ್ನು ಒಮ್ಮೆ ಹಚ್ಚಿ ಆರಿಸ್ರಿ.

ಎರಡು, ಬಸ್ ಹತ್ತಿದಿರಿ, ಆದರೆ ಅಂಗಡಿ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. "ದಿಸ್ ಸೈಟ್ ಕಾಂಟ್ ಬಿ ರೀಚ್ಡ್" ಎಂದು ಬಂದು ಅದರ ಕೆಳಗೆ ಡಿಎನ್ಎಸ್ ಅನ್ನುವ ಅಕ್ಷರ ಇದ್ದರೆ ಇದೇ ಕಾರಣ. ಕಂಪ್ಯೂಟರುಗಳಿಗೆ ಹೆಸರು ಬೇಕಿಲ್ಲ, ನಂಬರ್ ಬೇಕು. ಹೆಸರಿಗೆ ನಂಬರ್ ಹುಡುಕಿ ಕೊಡುವ ಡಿಎನ್ಎಸ್ ಏರ್ಪಾಟನ್ನು 1983ರಲ್ಲಿ ಪಾಲ್ ಮೋಕಾಪೆಟ್ರಿಸ್ ರೂಪಿಸಿದರು. ಹೆಸರಿನ ಒಂದಕ್ಷರ ತಪ್ಪಿದರೂ ನಂಬರ್ ಸಿಗುವುದಿಲ್ಲ. ಆದ್ದರಿಂದ ಮೊದಲು ಕಾಗುಣಿತ ನೋಡಬೇಕು. ಸರಿ ಇದ್ದರೆ ಬೇರೆ ವೆಬ್‌ಸೈಟ್ ತೆರೆದು ನೋಡಬೇಕು. ಎಲ್ಲಾ ವೆಬ್‌ಸೈಟಿಗೂ ಒಂದೇ ಎರರ್ ಬಂದರೆ ತಪ್ಪು ಹೆಚ್ಚಾಗಿ ನಮ್ಮ ಕಡೆ, ಒಂದಕ್ಕೇ ಬಂದರೆ ಹೆಚ್ಚಾಗಿ ಅವರ ಕಡೆ. ನಮ್ಮ ಗಡಿಯಾರದ ಎರರ್ ಎಲ್ಲಾ ಕಡೆಯೂ ಬರುತ್ತಿತ್ತು. ಮೊದಲೇ ಹೀಗೆ ನೋಡಿದ್ದರೆ ಪಾಸ್‌ವರ್ಡ್ ಉಳೀತಿತ್ತು.

ಮೂರು, ಅಂಗಡಿಗೆ ಮುಟ್ಟಿದಿರಿ, ಹಣ್ಣು ಸಿಗಲಿಲ್ಲ. ಆಗ ನಂಬರ್ ಬರುತ್ತದೆ. 4ರಿಂದ ಶುರುವಾದರೆ ನಾವು ಕೇಳಿದ್ದರಲ್ಲಿ ಏನೋ ತೊಡಕು. 404 ಎಂದರೆ ಅಂಗಡಿ ತೆರೆದದ, ಆ ಹಣ್ಣು ಅಲ್ಲಿಲ್ಲ. 403 ಎಂದರೆ ಹಣ್ಣು ಅದ, ನಿಮಗೆ ಕೊಡೋ ಅಪ್ಪಣೆ ಇಲ್ಲ. ಪುಟದ ವಿಳಾಸ ಬದಲಾದಾಗ ಬಹಳ ಸಲ 404 ಬರುತ್ತದೆ. 2014ರ ನವೆಂಬರ್ 1ರಂದು ಗುಲ್ಬರ್ಗ ಹೋಗಿ ಕಲಬುರಗಿ ಆಯಿತು, ಆದರೂ ಹಳೇ ಹೆಸರು ಬರೆದ ಪತ್ರ ಮುಟ್ಟುತ್ತವೆ, ಯಾಕಂದರೆ ಅಂಚೆಯವರಿಗೆ ಎರಡೂ ಗೊತ್ತು. ವೆಬ್‌ಸೈಟಿನವರೂ ಹಳೇ ವಿಳಾಸದಲ್ಲಿ ಹೊಸದರ ಗುರುತು ಇಟ್ಟಿದ್ದರೆ ತಾನಾಗಿ ಹೋಗ್ತದ. ಇಡದಿದ್ದರೆ 404. ಆಗ ಮೊದಲ ಪುಟಕ್ಕೆ ಹೋಗಿ ಅಲ್ಲಿಂದ ಹುಡುಕಬೇಕು.

5ರಿಂದ ಶುರುವಾದರೆ ತಪ್ಪು ಅಂಗಡಿಯವರದು. 503 ಎಂದರೆ ಗಿರಾಕಿ ಹೆಚ್ಚಾಗಿ ಅಥವಾ ರಿಪೇರಿಗಾಗಿ ಬಾಗಿಲು ಹಾಕಿದ್ದಾರೆ. 504 ಎಂದರೆ ಮುಂದಿನವನು ಒಳಗಿನವನನ್ನು ಕೇಳಿದ, ಒಳಗಿನವನು ಉತ್ತರ ಕೊಡಲಿಲ್ಲ, ಕಾದು ಕಾದು ವೇಳೆ ಮುಗೀತು. ಇದಕ್ಕೆ ನಾವು ಮಾಡುವಂಥದ್ದು ಕಾಯುವುದೊಂದೇ.

ಮೂರನೇ ದಿನ, ಅಂದರೆ ಕೊನೇ ಸಂಜೆ, ನಮಗೆ ಬಂದದ್ದು ಈ 504. ಅಕ್ಕ ಅರ್ಜಿಯನ್ನೆಲ್ಲ ತುಂಬಿ ಸಬ್ಮಿಟ್ ಒತ್ತಿದಳು. ಚಕ್ರ ತಿರುಗಿ ತಿರುಗಿ 504 ಅಂತ ಬಂತು. ಅಕ್ಕ ಮತ್ತೆ ಒತ್ತಲಿಕ್ಕೆ ಹೋದಳು. ಕಾಕಾ, "ನಿಂದ್ರವ್ವಾ, ಒಮ್ಮೆ ಹೋಗಿರಬಹುದು, ಎರಡು ಸಲ ಆದ್ರ ಮತ್ತ ತಕರಾರು" ಅಂದರು. ಇದು ಬಹಳ ಮುಖ್ಯ. ಅರ್ಜಿ ಅಥವಾ ಹಣ ಕಳಿಸುವಾಗ ಎರರ್ ಬಂದರೆ ಮೊದಲು ಹೋಗ್ಯಾದೋ ಇಲ್ಲೋ ನೋಡಬೇಕು, ಆಮೇಲೆ ಮತ್ತೆ ಒತ್ತಬೇಕು. ನಾವು ಅರ್ಜಿಯ ಸ್ಥಿತಿ ನೋಡಿದೆವು, ಹೋಗಿರಲಿಲ್ಲ. ಹತ್ತು ಗಂಟೆಯಾದರೂ 504 ಬಿಡಲಿಲ್ಲ. ಆ ರಾತ್ರಿ ಅಪ್ಪ ಮೊಬೈಲ್ ಕೇಳಲಿಲ್ಲ. ಹನ್ನೊಂದೂವರೆಗೆ ಊರೆಲ್ಲ ಮಲಗಿದ ಮೇಲೆ ಅಕ್ಕ ಒಮ್ಮೆ ಒತ್ತಿದಳು, ಅರ್ಜಿ ನಂಬರ್ ಬಂದೇಬಿಟ್ಟಿತು. ಅವ್ವ ಅದನ್ನು ಕ್ಯಾಲೆಂಡರ್ ಮೇಲೆ ಬರೆದಿಟ್ಟಳು.

ಇನ್ನೊಂದು ಎರರ್ ಬಗ್ಗೆ ಹೇಳದೇ ಬಿಡಲಾರೆ. "ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್" ಅಂತ ಕೆಂಪು ಗುರುತಿನ ಪುಟ ಬರುತ್ತದೆ. ನಡುವೆ ಯಾರಾದರೂ ಕದ್ದು ನೋಡಬಹುದು ಎಂದು ಇದರ ಅರ್ಥ. ಕೆಳಗೆ ಅಡ್ವಾನ್ಸ್ಡ್ ಅಂತ ಇರುತ್ತದೆ, ಅದನ್ನು ಒತ್ತಿ ಮುಂದೆ ಹೋಗಬಹುದು ಎಂದು ಕಾಕಾನೇ ನಮಗೆ ಹೇಳಿದ್ದರು. ಕಾಕಾ ಸಿಟ್ಟಾಗಬಾರದು, ಆದರೆ ಇದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಗಡಿಯಾರ ಸರಿ ಇದ್ದೂ ಈ ಪುಟ ಬಂದರೆ ಅಲ್ಲಿ ಆಧಾರ್ ನಂಬರ್, ಬ್ಯಾಂಕ್ ಖಾತೆ, ಪಾಸ್‌ವರ್ಡ್ ಏನೂ ಬರೀಬ್ಯಾಡ್ರಿ. ವಿಳಾಸವನ್ನೂ ಓದ್ರಿ. ನಮ್ಮ ರಾಜ್ಯ ಸರ್ಕಾರದ ವೆಬ್‌ಸೈಟ್ ಹೆಸರು ಸಾಮಾನ್ಯವಾಗಿ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್ ಅಂತ ಮುಗಿಯುತ್ತದೆ.

ನಮ್ಮ ಕಂಪ್ಯೂಟರಿಗೂ ಒಂದು ಕುಂದು ಉಳಿದೇ ಇದೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟಿನವರು 2020ರ ಜನವರಿ 14ಕ್ಕೆ ಬೆಂಬಲ ನಿಲ್ಲಿಸಿದರು. ಅದಕ್ಕೆ ಬಂದ ಕೊನೆಯ ಕ್ರೋಮ್ 109ನೆಯದು, 2023ರದು. ಹಳೇ ಬ್ರೌಸರಿನಲ್ಲಿ ಕಳ್ಳರಿಗೆ ಸಂದು ಸಿಗುತ್ತವೆ, ಕೆಲವು ಹೊಸ ವೆಬ್‌ಸೈಟ್ ಸರಿಯಾಗಿ ಕಾಣುವುದೂ ಇಲ್ಲ. ಬ್ಯಾಂಕಿನ ಕೆಲಸ ಇದರಾಗ ಮಾಡಬಾರದು ಅಂತ ಅಪ್ಪನಿಗೆ ಹೇಳೀನಿ. ಹೊಸದಕ್ಕೆ ಹಣ ಯಾವಾಗ ಆಗ್ತದೋ ನೋಡಬೇಕು.

ಇಂಗ್ಲಿಷ್ ಎರರ್ ಓದಲಿಕ್ಕೆ ಬರೋದಿಲ್ಲ ಅನ್ನುವವರಿಗೆ ಒಂದು ಉಪಾಯ. ವಿಂಡೋಸ್ ಕಂಪ್ಯೂಟರಿನ ಕ್ರೋಮಿನಲ್ಲಿ ಸೆಟ್ಟಿಂಗ್ಸ್ ಒಳಗೆ ಲ್ಯಾಂಗ್ವೇಜಸ್ ಎಂಬಲ್ಲಿ ಕನ್ನಡ ಸೇರಿಸಿ, ಅದರ ಪಕ್ಕದ ಮೂರು ಚುಕ್ಕಿ ಒತ್ತಿ, ಈ ಭಾಷೆಯಲ್ಲೇ ಕ್ರೋಮ್ ತೋರಿಸು ಎಂಬುದನ್ನು ಆರಿಸಿರಿ. ಮುಚ್ಚಿ ತೆರೆದರೆ ಎರರ್ ಕೂಡ ಕನ್ನಡದಲ್ಲೇ ಬರುತ್ತದೆ. ನಾವು ಈಗ ಹಾಗೇ ಮಾಡಿದ್ದೇವೆ. ಆಯಿ ಕೂಡ ಓದಿ ಹೇಳ್ತಾಳ, "ನೆಟ್ ಇಲ್ಲಂತ ನೋಡ್ರಿ" ಅಂತ.

ಈ ಹಾಳೆಯ ಕೆಳಗೆ ನಾಲ್ಕು ಬೆರಳು ಜಾಗ ಖಾಲಿ ಬಿಟ್ಟಿದ್ದೇನೆ. ನಿಮ್ಮ ಮನೆಯಲ್ಲಿ ಯಾವ ಎರರ್ ಬಂದಿದೆಯೋ ಅದನ್ನು ಇದ್ದ ಹಾಗೇ ಪೆನ್ಸಿಲಿನಿಂದ ಬರೆಯಿರಿ, ನಂಬರ್ ಇದ್ದರೆ ನಂಬರ್ ಸಮೇತ. "ನೆಟ್ ಬರವಲ್ದು" ಅಂತಷ್ಟೇ ಬರೀಬ್ಯಾಡ್ರಿ, ಅದರಿಂದ ಏನೂ ತಿಳಿಯೋದಿಲ್ಲ. ಗೊತ್ತಿದ್ದಷ್ಟಕ್ಕೆ ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯುತ್ತೇನೆ.