ಅರ್ಧ ಸೆಕೆಂಡಿನ ಲೆಕ್ಕ

ಪುಟ್ಟಾ, ಮೊನ್ನೆ ವಡೋದರೆಯಿಂದ ಫೋನ್ ಮಾಡಿ ಗೋಳು ಹೇಳಿಕೊಂಡೆಯಲ್ಲ: "ಮಾವ, ತುಂತುರು ಮಳೆಗೂ ವಿಸ್ಯಾಟ್ ತೆವಳುತ್ತೆ, ಲಿಂಕ್ ಮಾತ್ರ ಅಪ್ ಅಂತಲೇ ತೋರಿಸುತ್ತೆ. ಬ್ಯಾಂಡ್‌ವಿಡ್ತ್ ಜಾಸ್ತಿ ಕೇಳಿ ಬರೆದುಬಿಡಲಾ?" ಬರೆಯಬೇಡ, ಸ್ವಲ್ಪ ತಡಿ.

ನಿನ್ನ ವಿಸ್ಯಾಟ್ ಡಿಶ್ ಮಾತಾಡುವ ಭೂಸ್ಥಿರ ಉಪಗ್ರಹ ಇರುವುದು 35,786 ಕಿ.ಮೀ. ಎತ್ತರದಲ್ಲಿ. ಮಾತು ಹೋಗಿ ಮರುಮಾತು ಬರಲು ಹತ್ತಿರ ಹತ್ತಿರ ಅರ್ಧ ಸೆಕೆಂಡ್ ಬೇಕೇ ಬೇಕು. ಪ್ಯಾಕೆಟ್ ಸಾಗಿಸುವ ಹಳೇ ಪದ್ಧತಿಯ ಟಿಸಿಪಿಗೆ ಒಂದು ಪ್ಯಾಕೆಟ್ ಕಳೆದರೆ ಮಳೆಯೆಂದು ತಿಳಿಯುವುದಿಲ್ಲ, ದಾರಿಯಲ್ಲಿ ನೂಕುನುಗ್ಗಲು ಎಂದು ಹೆದರಿ ಕಳಿಸುವುದನ್ನು ಅರ್ಧಕ್ಕಿಳಿಸುತ್ತದೆ. ಆಮೇಲೆ ಸುತ್ತಿಗೊಂದೇ ಪ್ಯಾಕೆಟ್ ಏರಿಸುತ್ತದೆ. 40 ಇದ್ದದ್ದು 20ಕ್ಕೆ ಬಿತ್ತೆನ್ನು. ಅಹಮದಾಬಾದ್–ಸೂರತ್ ಫೈಬರಿನಲ್ಲಿ ಒಂದು ಸುತ್ತಿಗೆ 10 ಮಿಲಿಸೆಕೆಂಡ್ ಹಿಡಿದರೂ ಸೆಕೆಂಡಿನ ಐದನೇ ಒಂದು ಭಾಗದಲ್ಲಿ ಮೇಲೆದ್ದಿರುತ್ತದೆ. ನಿನ್ನ ಲಿಂಕಿಗೆ ಹತ್ತು ಸೆಕೆಂಡ್! ಅಷ್ಟರೊಳಗೆ ಇನ್ನೊಂದು ಕಳೆದರೆ ಮತ್ತೆ ಅರ್ಧ. ಇರುವ ಬ್ಯಾಂಡ್‌ವಿಡ್ತೇ ಖಾಲಿ ಬಿದ್ದಿರುವಾಗ ಇನ್ನಷ್ಟು ಕೊಂಡು ಏನು ಮಾಡುತ್ತೀ? (ಬಿಬಿಆರ್‌ನಂಥ ಹೊಸ ಟಿಸಿಪಿ ವಿಧಾನಗಳು ಇಷ್ಟು ಪುಕ್ಕಲಲ್ಲ, ಸರ್ವರಿನವರು ಹಾಕಿದ್ದರೆ.)

ಕಳೆದದ್ದನ್ನು ಮತ್ತೆ ತರಿಸುವುದರಲ್ಲೂ ಜಾಣತನ ಬೇಕು. ಸೂರತ್ತಿನ ಬೇಲಿನಲ್ಲಿ ಒಂದು ಸೀರೆ ಕಡಿಮೆ ಬಂದರೆ ಇಡೀ ಬೇಲ್ ವಾಪಸ್ ಕಳಿಸುತ್ತಾರೆಯೇ? ಯಾವ ಸೀರೆ ಎಂದು ಹೇಳಿದರೆ ಸಾಕು. 1996ರಲ್ಲಿ ಟಿಸಿಪಿಗೆ ಬಂದ ಸ್ಯಾಕ್ ಎಂಬ ಸೌಲಭ್ಯ ಮಾಡುವುದು ಅದನ್ನೇ. ಎರಡೂ ತುದಿಯಲ್ಲಿ ಆನ್ ಇದೆಯೇ, ನೋಡು.

ಆದರೆ ಮತ್ತೆ ಕೇಳುವ ಪ್ರಸಂಗವೇ ಬಾರದಂತೆ ಬುತ್ತಿ ಕಟ್ಟಿ ಕಳಿಸುವುದು ಎಫ್‌ಇಸಿ ಎಂಬ ತಪ್ಪು ತಿದ್ದುವ ಕೋಡ್. ಮುಕ್ಕಾಲು ರೇಟ್ ಎಂದರೆ ಮೂರು ಬಿಟ್ಟಿಗೆ ಒಂದು ಹೆಚ್ಚಿನ ಬಿಟ್. ಕೆಟ್ಟದ್ದನ್ನು ಡಿಶ್ಶಿನ ಕೆಳಗಿನ ಮೋಡೆಮ್ಮೇ ತಿದ್ದಿಕೊಳ್ಳುತ್ತದೆ. ಬಿಸಿಲಿನಲ್ಲಿ ಅದು ದಂಡ, ನಿಜ. ಅದಕ್ಕೇ ಉಪಗ್ರಹ ಲಿಂಕಿನ ಡಿವಿಬಿ-ಎಸ್2 ಮಾನದಂಡದಲ್ಲಿ ಆಕಾಶ ನೋಡಿ ಕೋಡ್ ಬದಲಿಸುವ ಎಸಿಎಂ ಇದೆ. ಯಾರೋ ಪುಣ್ಯಾತ್ಮರು ಬೇಸಿಗೆಯಲ್ಲಿ ಸ್ಪೀಡ್ ತೋರಿಸಲು ಅದನ್ನು ಆಫ್ ಮಾಡಿ, ಬಿಸಿಲಿನ ಕೋಡಿಗೇ ಕಟ್ಟಿಹಾಕಿ ಹೋಗಿರುತ್ತಾರೆ. ನನ್ನ ಅನುಮಾನ ಅಲ್ಲೇ.

ಮೊದಲೇ ಗಟ್ಟಿಮಾಡಿ ಕಳಿಸುವ ಈ ಪಾಠ ಹಳೆಯದು. 1975–76ರಲ್ಲಿ ಇಲ್ಲೇ ಅಹಮದಾಬಾದಿನಿಂದ ಎಟಿಎಸ್-6 ಉಪಗ್ರಹದ ಮೂಲಕ ಸೈಟ್ ಎಂಬ ಟಿವಿ ಕಾರ್ಯಕ್ರಮ ನಮ್ಮ ಗುಲ್ಬರ್ಗಾ, ರಾಯಚೂರು, ಬಿಜಾಪುರದ ಹಳ್ಳಿಗಳಿಗೂ ಹೋಗುತ್ತಿತ್ತು. ಕೋಳಿ ಬಲೆಯ ಡಿಶ್. "ಕಾಣಲಿಲ್ಲ, ಇನ್ನೊಮ್ಮೆ ತೋರಿಸಿ" ಎಂದು ಹಳ್ಳಿಯವರು ಮೇಲಕ್ಕೆ ಹೇಳುವ ದಾರಿಯೇ ಇರಲಿಲ್ಲ. ಹೋಗುವಾಗಲೇ ಸಿಗ್ನಲ್ ಗಟ್ಟಿಯಿರಬೇಕಿತ್ತು.

ಇನ್ನೊಂದು. ಟಿಸಿಪಿಗೆ ಇಲ್ಲಿಂದಲೇ "ತಲುಪಿತು" ಎಂದು ಧೈರ್ಯ ಹೇಳುವ ಪೆಪ್ ಎಂಬ ಮಧ್ಯವರ್ತಿ ನಿಮ್ಮ ಮೋಡೆಮ್ಮಿನಲ್ಲಿ ಇರಬಹುದು. ನಿಮ್ಮ ಲಿಂಕ್ ಬಳಸುವ ಬ್ಯಾಂಕಿನವರು ಎಲ್ಲವನ್ನೂ ಮುಚ್ಚಿ ಕಳಿಸುವ ಐಪಿಸೆಕ್ ವಿಪಿಎನ್ ಹಾಕಿದರೆ ಪೆಪ್ ಕುರುಡು, ಒಳಗಿನದು ಕಾಣುವುದಿಲ್ಲ. ವಿಪಿಎನ್ ಹಾಕುವ ಮುಂಚೆಯೇ ಅವರೊಂದಿಗೆ ಕೂತು ಮಾತಾಡು.

ಮುಂದಿನ ಮಳೆಗೆ ಸಿಗ್ನಲ್ ಮಟ್ಟ, ಯಾವ ಕೋಡ್ ಓಡುತ್ತಿತ್ತು, ಎಷ್ಟು ಪ್ಯಾಕೆಟ್ ಮತ್ತೆ ಹೋದವು, ಮೂರನ್ನೂ ಗಡಿಯಾರ ನೋಡಿ ಬರೆದುಕೊ. ಭಾನುವಾರ ಚೀಟಿ ಹಿಡಿದು ಮನೆಗೆ ಬಾ. ಅತ್ತೆ ಬಿಸಿಬೇಳೆಬಾತ್ ಮಾಡುತ್ತಾಳೆ.