ಘಟ್ಟದ ಮೇಲಿನ ಟ್ಯೂನು, ಘಟ್ಟದ ಕೆಳಗಿನ ಎಂಜಿನ್

ಕದ್ರಿ, ಮಂಗಳೂರು
ಮೇ ತಿಂಗಳ ಒಂದು ಸೆಕೆಯ ಮಧ್ಯಾಹ್ನ

ಪ್ರೀತಿಯ ಹುಡುಗಾ,

ನೀನು ಹಳೆಯ ಕಾರು ತಗೊಂಡ ಸುದ್ದಿ ನಿನ್ನ ಅಪ್ಪನಿಂದ ಗೊತ್ತಾಯಿತು. ಅದಕ್ಕೆ ಏನು ಮಾಡಲಿಕ್ಕೆ ಹೊರಟಿದ್ದೀ ಅನ್ನುವುದು ನಿನ್ನ ಮೆಸೇಜಿನಿಂದ. "ಬೆಂಗಳೂರಿನಲ್ಲಿ ಸಣ್ಣ ಪುಲ್ಲಿ ಹಾಕಿಸಿ ಬೂಸ್ಟ್ ಸ್ವಲ್ಪ ಏರಿಸುವ ಅಂತಿದ್ದೇನೆ ಅಂಕಲ್, ಎಂಜಿನ್ ತಡೆದೀತಾ?" ಒಂದು ಸಾಲಿನ ಪ್ರಶ್ನೆ. ಹೆಬ್ಬೆಟ್ಟಿನ ಚಿತ್ರ ಒತ್ತಿ ಮುಗಿಸಬಹುದಿತ್ತು. ಮನಸ್ಸು ಬರಲಿಲ್ಲ.

ಮೊದಲು ಹೊಟ್ಟೆಕಿಚ್ಚು ಹೇಳಿಬಿಡುತ್ತೇನೆ. ಜಾಗ್ವಾರ್ ಎಫ್-ಟೈಪ್ ವಿ6 ಎಸ್! 2013ರಲ್ಲಿ ಅದು ಭಾರತಕ್ಕೆ ಬಂದಾಗ ನಾನು ಶಾರ್ಜಾದಲ್ಲಿದ್ದೆ, ಪರರ ಕಾರುಗಳ ಬಾನೆಟ್ ಎತ್ತುತ್ತಾ. 3 ಲೀಟರ್, 380 ಅಶ್ವಶಕ್ತಿ. ಆ ಎಂಜಿನ್‌ನ ಒಂದು ತಮಾಷೆ ನಿನಗೆ ಗೊತ್ತುಂಟಾ? ಅದು ಅಸಲಿಗೆ ಅವರ ವಿ8ರದ್ದೇ ಬ್ಲಾಕು. ಹಿಂದಿನ ಎರಡು ಸಿಲಿಂಡರ್ ಮಾತ್ರ ಇಲ್ಲ. ಉದ್ದದ ಮನೆಯಲ್ಲಿ ಎರಡು ಕೋಣೆಗೆ ಬೀಗ ಹಾಕಿದ ಹಾಗೆ. ಎರಡು ಸಾಲು ಸಿಲಿಂಡರುಗಳ ನಡುವಿನ ಕಣಿವೆಯಲ್ಲಿ, ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್ ಕೂತಿದೆ, ಬಿಸಿಯ ಮೇಲೇ ಹಾಸಿಗೆ ಹಾಸಿಕೊಂಡು.

ಈಗ ನಿನ್ನ ಪುಲ್ಲಿ. ಟರ್ಬೊ ಹೊಗೆಯಿಂದ ತಿರುಗುತ್ತದೆ, ಸೂಪರ್‌ಚಾರ್ಜರ್ ಬೆಲ್ಟಿನಿಂದ. ಲೆಕ್ಕಕ್ಕೆ ಕ್ರ್ಯಾಂಕಿನ ಪುಲ್ಲಿ 180 ಮಿ.ಮೀ., ಚಾರ್ಜರಿನದ್ದು 65 ಅಂತ ಇಟ್ಟುಕೋ. ಎಂಜಿನ್ 6,500 ಸುತ್ತು ತಿರುಗುವಾಗ ಒಳಗಿನ ರೋಟರುಗಳು 18,000 ಸುತ್ತು ತಿರುಗುತ್ತವೆ. 65ರ ಜಾಗದಲ್ಲಿ 60 ಹಾಕು, 19,500. ಐದು ಮಿಲಿಮೀಟರು, ಎರಡು ತಾಸಿನ ಕೆಲಸ. ಇಷ್ಟು ಸುಲಭವಾದ್ದರಿಂದಲೇ ಇದರಲ್ಲಿ ಇಷ್ಟು ಜನ ಕೈ ಸುಟ್ಟುಕೊಂಡದ್ದು.

ಯಾಕೆಂದರೆ ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್ ಪಂಪಿನ ತುದಿ ಮುಟ್ಟಿ ನೋಡಿದವರಿಗೆಲ್ಲ ಗೊತ್ತಿರುವ ವಿಷಯ. ಇವತ್ತು ಹೊರಗೆ 33 ಡಿಗ್ರಿ ಉಂಟು. ಈ ಗಾಳಿಯನ್ನು 1.8 ಪಟ್ಟು ಒತ್ತಿದರೆ ಚಾರ್ಜರಿನಿಂದ ಹೊರಬರುವಾಗ ಸುಮಾರು 120 ಡಿಗ್ರಿ. 2 ಪಟ್ಟು ಒತ್ತಿದರೆ 140ರ ಆಸುಪಾಸು. ಅದನ್ನು ತಣಿಸಬೇಕಾದ ಇಂಟರ್‌ಕೂಲರ್ ಅದೇ ಹಳೆಯದು, ಅದರ ನೀರನ್ನು ತಣಿಸಬೇಕಾದದ್ದು ಕುಳೂರು ಸೇತುವೆಯ ಹತ್ತಿರ ಟ್ಯಾಂಕರುಗಳ ಹಿಂದೆ ಆಮೆ ನಡಿಗೆಯಲ್ಲಿ ಸಿಗುವ ಗಾಳಿ. ಮತ್ತೆ ಆ ಚಾರ್ಜರ್ ಧರ್ಮಕ್ಕೆ ತಿರುಗುವುದಿಲ್ಲ. ಪೂರ್ತಿ ಒತ್ತಿದಾಗ ಅದಕ್ಕೇ 30 ಅಶ್ವಶಕ್ತಿಗಿಂತ ಹೆಚ್ಚು ಹೋಗುತ್ತದೆ, ನನ್ನ ಲೆಕ್ಕಕ್ಕೆ. ಪುಲ್ಲಿ ಸಣ್ಣದಾದಷ್ಟೂ ಅದರ ಹೊಟ್ಟೆ ದೊಡ್ಡದು.

ಬಿಸಿ ಗಾಳಿ ಸಿಲಿಂಡರಿನೊಳಗೆ ಹೋದ ಮೇಲೆ ಏನಾಗುತ್ತದೆ ಅಂತ ನನ್ನ ಮೇಜಿನ ಮೇಲೊಂದು ಸಾಕ್ಷಿ ಉಂಟು. ಕರೆಂಟು ಬಿಲ್ಲು ಹಾರದ ಹಾಗೆ ಒಂದು ಪಿಸ್ಟನ್ ಇಟ್ಟಿದ್ದೇನೆ. ನಿನ್ನ ಅಕ್ಕ ಅದನ್ನು ಬೂದಿಬಟ್ಟಲು ಅಂದುಕೊಂಡಿದ್ದಳು. ಮೊದಲ ರಿಂಗಿಗೂ ಎರಡನೆಯ ರಿಂಗಿಗೂ ನಡುವಿನ ಗೋಡೆ, ಬೆರಳಿನ ಉಗುರಿಗಿಂತ ಕಿರಿದಾದ ಪಟ್ಟಿ, ಅದರಲ್ಲಿ ಒಂದು ತುಂಡು ಇಲ್ಲ. ಕಡಲೆ ಬೇಳೆ ಕಚ್ಚಿದ ಹಾಗೆ ಮುರಿದಿದೆ. ಆ ಎಂಜಿನ್‌ನ ಸ್ಪಾರ್ಕ್ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಚುಕ್ಕೆಗಳಿದ್ದವು. ಕಣ್ಣಿಗೆ ಲೆನ್ಸ್ ಹಿಡಿದು ನೋಡಿದರೆ ಅವು ಹೊಳೆಯುತ್ತಿದ್ದವು. ಪಿಸ್ಟನ್ನಿನದೇ ಅಲ್ಯುಮಿನಿಯಂ.

ತಪ್ಪು ಯಾರದ್ದು ಅಂತ ಕೇಳಿದರೆ, ನನ್ನದು. ಶಾರ್ಜಾದಲ್ಲಿ ಒಬ್ಬ ಗಿರಾಕಿ ಕೇಳಿದ, ನಾನು ಹಾಕಿದೆ. ಸಣ್ಣ ಪುಲ್ಲಿ, ಸ್ಟಾಕ್ ಎಂಜಿನ್. ಜನವರಿಯ ಬೆಳಿಗ್ಗೆ ಟ್ಯೂನ್ ಮಾಡಿದೆವು, ಮರುಭೂಮಿಯ ತಂಪು ಹವೆಯಲ್ಲಿ ಗ್ರಾಫ್ ಎಷ್ಟು ಚಂದ ಬಂತು ಅಂದರೆ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದೆ. ಜುಲೈಯಲ್ಲಿ ಅವನು ವಾಪಸ್ ಬಂದ, "ಏನೋ ಶಬ್ದ" ಅಂದ. ಪಕ್ಕದ ಸೀಟಿನಲ್ಲಿ ಕೂತು ಹೋದೆ. ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದಾಗ ಕೇಳಿತು: ಒಗ್ಗರಣೆಗೆ ಬಿದ್ದ ಸಾಸಿವೆ ಸಿಡಿಯುವ ಸದ್ದು. ನಿಲ್ಲಿಸು ಅನ್ನುವಷ್ಟರಲ್ಲಿ ಕನ್ನಡಿಯಲ್ಲಿ ನೀಲಿ ಹೊಗೆ.

ಆ ಸಾಸಿವೆಯೇ ನಾಕಿಂಗ್. ಸ್ಪಾರ್ಕ್ ಹಚ್ಚಿದ ಬೆಂಕಿ ಹರಡಿ ಬರುವ ಮುಂಚೆ ಮೂಲೆಯಲ್ಲಿ ಉಳಿದ ಮಿಶ್ರಣ ಬಿಸಿಗೆ, ಒತ್ತಡಕ್ಕೆ ತಾನಾಗಿ ಸಿಡಿಯುತ್ತದೆ. ಈಗಿನ ಕಾರುಗಳಲ್ಲಿ ಅದನ್ನು ಕೇಳುವ ಸೆನ್ಸರ್ ಉಂಟು. ಕೇಳಿದ ಕೂಡಲೇ ಎಂಜಿನ್‌ನ ಕಂಪ್ಯೂಟರು, ಅಂದರೆ ಇಸಿಯು, ಸ್ಪಾರ್ಕನ್ನು ಹಿಂದಕ್ಕೆ ತಳ್ಳುತ್ತದೆ. ಎಂಜಿನ್ ಉಳಿಯುತ್ತದೆ, ಶಕ್ತಿ ಇಳಿಯುತ್ತದೆ. ಹೀಗೆ ಎಷ್ಟೋ ಕಾರುಗಳು ಸಣ್ಣ ಪುಲ್ಲಿ ಹಾಕಿದ ಮೇಲೆ ಸೆಕೆಗಾಲದ ಮಧ್ಯಾಹ್ನ ಮೊದಲಿಗಿಂತ ನಿಧಾನ ಓಡುತ್ತವೆ, ಯಜಮಾನನಿಗೆ ಗೊತ್ತೇ ಆಗುವುದಿಲ್ಲ, ಏಕೆಂದರೆ ಚಾರ್ಜರಿನ ಕೂಗು ಜೋರಾಗಿರುತ್ತದೆ.

ಇನ್ನು ನಿನಗೆ ಬೆಂಗಳೂರಿನವರು ಹೇಳದ ವಿಷಯ. ಅವರು ಮೋಸ ಮಾಡುತ್ತಾರೆ ಅಂತಲ್ಲ, ಅವರು ಘಟ್ಟದ ಮೇಲಿದ್ದಾರೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರ. ಅಲ್ಲಿ ಗಾಳಿಯ ಒತ್ತಡ ನಮ್ಮ ಪಣಂಬೂರಿಗಿಂತ ಹತ್ತರಲ್ಲಿ ಒಂದು ಪಾಲು ಕಮ್ಮಿ. ಬೆಲ್ಟಿನ ಚಾರ್ಜರ್ ಗುಣಿಸುವ ಯಂತ್ರ ಮಾರಾಯ, ಸಿಕ್ಕಿದ್ದನ್ನು ಗುಣಿಸುತ್ತದೆ. ಅಲ್ಲಿ 0.9 ಬಾರ್ ಗಾಳಿ ಸಿಕ್ಕಿದರೆ 1.8 ಪಟ್ಟಿಗೆ 1.62. ಇಲ್ಲಿ ಒಂದು ಬಾರ್ ಸಿಗುತ್ತದೆ, 1.8. ಅಂದರೆ ಶಿರಾಡಿ ಇಳಿದು ಗುಂಡ್ಯ ದಾಟಿ ಉಪ್ಪಿನಂಗಡಿ ಮುಟ್ಟುವಷ್ಟರಲ್ಲಿ ನಿನ್ನ ಎಂಜಿನ್‌ನೊಳಗಿನ ಒತ್ತಡ ತಾನಾಗಿಯೇ ಏರಿರುತ್ತದೆ, ಹೆಚ್ಚುಕಮ್ಮಿ ಒಂದು ಸಣ್ಣ ಪುಲ್ಲಿ ಹಾಕಿದಷ್ಟು. ಇಷ್ಟು ದಿನ ನಿನ್ನ ಕಾರು ಇಲ್ಲಿ ಪೂರ್ತಿ ಗಾಳಿ ಕುಡಿಯುತ್ತಲೇ ಇದೆ. ಬೆಂಗಳೂರಿನಲ್ಲಿ ಶಕ್ತಿ ಅಳೆಯುವ ಡೈನೊದ ಮೇಲೆ ಸುರಕ್ಷಿತ ಅನ್ನಿಸಿಕೊಂಡ ಟ್ಯೂನು ಇಸಿಯು ಕೋಷ್ಟಕದಲ್ಲಿ ಈ ಹೆಚ್ಚಿನ ಒತ್ತಡದ ಕೊನೆಯ ಮನೆಗಳನ್ನು ಒಮ್ಮೆಯೂ ಮುಟ್ಟಿ ನೋಡಿರುವುದಿಲ್ಲ. ನೀನು ಮುಟ್ಟುತ್ತೀ, ಸುರತ್ಕಲ್ಲಿನ ಆಚೆ, ರಾತ್ರಿ ಹನ್ನೊಂದಕ್ಕೆ.

ಪೆಟ್ರೋಲಿನದ್ದೂ ಇದೇ ಕತೆ. 100 ಆಕ್ಟೇನಿನ ಪೆಟ್ರೋಲು 2020ರ ಡಿಸೆಂಬರಿನಲ್ಲಿ ಭಾರತಕ್ಕೆ ಬಂತು, ಅದೂ ದೊಡ್ಡ ಊರುಗಳ ಕೆಲವೇ ಪಂಪುಗಳಿಗೆ. ಅದನ್ನು ತುಂಬಿಸಿ ಟ್ಯೂನ್ ಮಾಡಿಸಿಕೊಂಡು ಬಂದರೆ, ಸಕಲೇಶಪುರದಲ್ಲಿ ಟ್ಯಾಂಕ್ ಖಾಲಿಯಾದಾಗ ಸಿಕ್ಕಿದ್ದನ್ನು ಹಾಕುತ್ತೀ. ಕುತ್ತೆತ್ತೂರಿನಲ್ಲಿ ಅಷ್ಟು ದೊಡ್ಡ ಎಂ.ಆರ್.ಪಿ.ಎಲ್. ಉಂಟು, ರಾತ್ರಿ ಅದರ ಜ್ವಾಲೆ ದೂರಕ್ಕೆ ಕಾಣುತ್ತದೆ, ಆದರೆ ನಿನ್ನ ಟ್ಯೂನರ್ ಕೇಳಿದ ಪೆಟ್ರೋಲು ಸಿಗುವುದು ಪಂಪಿನವನ ಕೃಪೆಯ ಮೇಲೆ. ಪೆಟ್ರೋಲಿಗೆ ಎಥೆನಾಲ್ ಸೇರಿದ್ದು ನಾಕಿಂಗಿನ ಮಟ್ಟಿಗೆ ಒಳ್ಳೆಯದೇ. ಆದರೆ ಅದೇ ಶಕ್ತಿಗೆ ಹೆಚ್ಚು ಇಂಧನ ಸುರಿಯಬೇಕು, ಬೂಸ್ಟ್ ಏರಿಸಿದವನ ಇಂಜೆಕ್ಟರುಗಳಿಗೆ ಆಗಲೇ ಉಸಿರು ಕಟ್ಟಿರುತ್ತದೆ. ನಮ್ಮ ತೇವದ ಗಾಳಿ ಮಾತ್ರ ನಾಕಿಂಗನ್ನು ಸ್ವಲ್ಪ ತಡೆಯುತ್ತದೆ. ಅದನ್ನು ನಂಬಿ ಪುಲ್ಲಿ ಬದಲಿಸಿದವರನ್ನು ನಾನು ನೋಡಿಲ್ಲ.

"ಕಂಪನಿಯವರು ಹೇಗೂ ಮಾರ್ಜಿನ್ ಬಿಟ್ಟಿರುತ್ತಾರಲ್ಲ" ಅಂತ ನೀನು ಹೇಳುವುದು ಕೇಳಿಸುತ್ತದೆ. ಬಿಟ್ಟಿರುತ್ತಾರೆ. ಕೆಟ್ಟ ಪೆಟ್ರೋಲು, ಸಮುದ್ರಮಟ್ಟ, ಬಿಸಿ ಮಧ್ಯಾಹ್ನ, ಹಳೆಯ ಕೂಲಂಟ್, ಇವೆಲ್ಲ ಒಂದೇ ದಿನ ಕೂಡಿ ಬಂದರೆ ಅಂತ ಬಿಟ್ಟದ್ದು ಅದು. ಮಂಗಳೂರಿನಲ್ಲಿ ಆ ದಿನ ಮಾರ್ಚಿನಿಂದ ಮೇವರೆಗೆ ಪ್ರತಿ ದಿನ ಬರುತ್ತದೆ.

ಒಂದು ಹಳೆಯ ಕತೆ ಹೇಳುತ್ತೇನೆ, ನಿನಗೆ ಇಷ್ಟವಾದೀತು. ಡಬ್ಲ್ಯು. ಒ. ಬೆಂಟ್ಲಿಗೆ ತನ್ನ ಕಾರಿಗೆ ಸೂಪರ್‌ಚಾರ್ಜರ್ ಹಾಕುವುದು ಸರಿಕಂಡಿರಲಿಲ್ಲ. ಹೆಚ್ಚು ಶಕ್ತಿ ಬೇಕಾದರೆ ದೊಡ್ಡ ಎಂಜಿನ್ ಕಟ್ಟಬೇಕು ಅನ್ನುವ ಮನುಷ್ಯ. ಟಿಮ್ ಬಿರ್ಕಿನ್ ಎಂಬ ರೇಸಿನ ಹುಚ್ಚ ಕೇಳಲಿಲ್ಲ. ಡೊರೊಥಿ ಪ್ಯಾಜೆಟ್ ಎಂಬ ಶ್ರೀಮಂತೆಯ ದುಡ್ಡಿನಲ್ಲಿ ನಾಲ್ಕೂವರೆ ಲೀಟರಿನ ಬೆಂಟ್ಲಿಯ ಮೂತಿಗೇ ಚಾರ್ಜರ್ ತಗಲಿಸಿದ. 1930ರ ಲ ಮಾನ್ಸ್ ರೇಸಿನಲ್ಲಿ ಆ ಕಾರುಗಳ ಓಟ ಕಂಡು ಜನ ಬಾಯಿ ಬಿಟ್ಟರು, ಆದರೆ ಒಂದೂ ಕೊನೆ ಮುಟ್ಟಲಿಲ್ಲ. ಮೊದಲ ಎರಡು ಸ್ಥಾನ ಬಂದದ್ದು ಚಾರ್ಜರ್ ಇಲ್ಲದ ಆರೂವರೆ ಲೀಟರಿನ ಸ್ಪೀಡ್ ಸಿಕ್ಸ್‌ಗಳಿಗೆ. ಹಾಗಂತ ಬಿರ್ಕಿನ್ ಹುಚ್ಚ ಮಾತ್ರ ಅಲ್ಲ. ಅದೇ ವರ್ಷ ಪೌ ಊರಿನ ಫ್ರೆಂಚ್ ಗ್ರಾಂಪ್ರಿಯಲ್ಲಿ ಅದೇ ಭಾರವಾದ ಬೆಂಟ್ಲಿಯಲ್ಲಿ ಎರಡನೆಯವನಾಗಿ ಬಂದ. ಇವತ್ತು ಜನ ಚಿತ್ರ ಅಂಟಿಸಿಕೊಳ್ಳುವುದೂ ಅವನ ಬ್ಲೋವರ್ ಬೆಂಟ್ಲಿಯದ್ದೇ. ನನಗೂ ಅದೇ ಇಷ್ಟ. ಅದೇ ತಾಪತ್ರಯ ನೋಡು.

ಕಾನೂನಿನ ಮಾತು ಚುಟುಕಾಗಿ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದು, 2019ರ ತಿದ್ದುಪಡಿಯ ಮೇಲೆ ದಂಡ ಒಂದೊಂದು ಬದಲಾವಣೆಗೂ 5,000 ರೂಪಾಯಿ, ಆರು ತಿಂಗಳ ಜೈಲಿನವರೆಗೂ ಹೋಗಬಹುದು. ಇನ್ಶೂರೆನ್ಸಿನವರಿಗೆ ನೆಪ ಬೇರೆ ಕೊಟ್ಟಂತಾಗುತ್ತದೆ.

ಇಷ್ಟೆಲ್ಲ ಕೇಳಿಯೂ ಮಾಡಿಯೇ ತೀರುತ್ತೀ ಅಂತಾದರೆ ಪುಲ್ಲಿಯಿಂದ ಶುರು ಮಾಡಬೇಡ. ಬಿಸಿಯಿಂದ ಶುರು ಮಾಡು. ಆ ಕಣಿವೆಯೊಳಗಿನ ಪ್ಲಾಸ್ಟಿಕ್ ಕೂಲಂಟ್ ಪೈಪುಗಳು ಈ ವಯಸ್ಸಿಗೆ ಹಪ್ಪಳವಾಗಿರುತ್ತವೆ, ಮೊದಲು ಅವು. ಇಂಟರ್‌ಕೂಲರಿನ ನೀರಿನ ಪಂಪು ಸರಿಯಾಗಿ ತಿರುಗುತ್ತದಾ ನೋಡು. ಬ್ರೇಕಿನ ಎಣ್ಣೆ, ಟಯರು. ಆಮೇಲೆ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೆ ಒಮ್ಮೆ ಹೋಗಿ, ಇದ್ದ 380ನ್ನೇ ಪೂರ್ತಿ ಬಳಸಿ ನೋಡು. ಸ್ಟಾಕ್ ಎಂಜಿನ್ ಸಾಲದು ಅಂತ ಅಲ್ಲಿಂದ ಬಂದು ಹೇಳಿದರೆ ನಾನು ಕೇಳುತ್ತೇನೆ. ನಂತೂರು ಸರ್ಕಲ್ಲಿನಲ್ಲಿ ನಿಂತು ಹೇಳಿದರೆ ಇಲ್ಲ.

ಟ್ಯೂನ್ ಮಾಡುವುದಾದರೆ ಇಲ್ಲೇ, ಸಮುದ್ರದ ಬದಿಯಲ್ಲಿ, ಏಪ್ರಿಲಿನ ಮಧ್ಯಾಹ್ನ ಎರಡು ಗಂಟೆಗೆ, ಇಲ್ಲಿನ ಪಂಪಿನ ಪೆಟ್ರೋಲಿನಲ್ಲಿ ಮಾಡಿಸಬೇಕು. ಮಾಡುವವನು ಇಲ್ಲಿಗೆ ಇಳಿದು ಬರಲಿಕ್ಕೆ ಒಪ್ಪದಿದ್ದರೆ ಆ ಮಾತು ಅಲ್ಲಿಗೇ ಬಿಡು.

ಆದಿತ್ಯವಾರ ಬೆಳಿಗ್ಗೆ ಬಾ. ಹಿಂದಿನ ರಾತ್ರಿಯೇ ಕಾರು ತಂದು ನಮ್ಮ ಅಂಗಳದಲ್ಲಿ ನಿಲ್ಲಿಸು, ಎಂಜಿನ್ ಪೂರ್ತಿ ತಣಿದಿರಬೇಕು. ಆರೂ ಪ್ಲಗ್ ಬಿಚ್ಚಿ ಪೇಪರಿನ ಮೇಲೆ ಸಾಲಾಗಿ ಇಟ್ಟು ನೋಡುವ. ಹಿಂದಿನ ಯಜಮಾನ ಏನೇನು ಮಾಡಿದ್ದಾನೆ ಅಂತ ಅವೇ ಹೇಳುತ್ತವೆ. ಲೆನ್ಸ್ ನನ್ನಲ್ಲಿ ಉಂಟು. ನೀರುದೋಸೆ ನಿನ್ನ ಚಿಕ್ಕಮ್ಮ ಮಾಡುತ್ತಾಳೆ.

ನಿನ್ನ,
ಶಾರ್ಜಾ ಅಂಕಲ್