ಚಳಿನಾಡಿನ ಗುಡ್ಡದ ಹೂಳುಮಣ್ಣು: ಗುದ್ದಲಿ ಹಾಕುವ ಮುನ್ನ

ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಪಟ್ಟಣದ ಸುತ್ತಲಿನ ಗುಡ್ಡಗಳನ್ನು ಹೊದ್ದಿರುವುದು ಗಾಳಿ ತಂದ ಮಣ್ಣು. ದಕ್ಷಿಣದ ಪರ್ವತಗಳಲ್ಲಿ ಹಿಮನದಿಗಳು ಬಂಡೆಯನ್ನು ತೇಯ್ದು ಪುಡಿ ಮಾಡಿದವು. ಕರಗಿದ ನೀರು ಆ ಪುಡಿಯನ್ನು ತನಾನಾ ನದಿಯ ಬಯಲಿಗೆ ತಂದು ಸುರಿಯಿತು. ಒಣಗಿದ ಮೇಲೆ ಗಾಳಿ ಅದನ್ನೆತ್ತಿ ಗುಡ್ಡಗಳ ಮೇಲೆ ಹರಡಿತು. ಲೋಯೆಸ್ ಎಂದು ಭೂಗೋಳದ ಪಾಠದಲ್ಲಿ ಓದಿದ್ದು ಇದನ್ನೇ. ನೆತ್ತಿಯಲ್ಲಿ ಇದರ ಪದರ ತೆಳು. ಇಳಿಜಾರಿನ ಬುಡಕ್ಕೆ ಬಂದಂತೆ ಹತ್ತಾರು ಮೀಟರ್ ದಪ್ಪ.

ಇಲ್ಲಿ ಮನೆಗೋ ತೋಟಕ್ಕೋ ಜಾಗ ಹುಡುಕುವವರು ನೆಲವನ್ನು ಮೊದಲು ಓದಿಕೊಳ್ಳಬೇಕು, ಆಮೇಲೆ ಮುಟ್ಟಬೇಕು. ಹಲವೆಡೆ ಈ ಮಣ್ಣಿನೊಳಗೆ ಬೇಸಿಗೆಯಲ್ಲೂ ಕರಗದ ಮಂಜುಗಡ್ಡೆ ಇರುತ್ತದೆ; ಒಮ್ಮೆ ಕರಗಿದರೆ ಅದನ್ನು ಮರಳಿ ಹೆಪ್ಪುಗಟ್ಟಿಸಲಾಗದು.

ಮೊದಲು ಇಳಿಜಾರಿನ ಮುಖ ನೋಡಿ. ನನ್ನ ದೃಷ್ಟಿಯಲ್ಲಿ ಉಳಿದ ಎಲ್ಲ ಪರೀಕ್ಷೆಗಳಿಗಿಂತ ಇದು ದೊಡ್ಡದು. ಫೇರ್‌ಬ್ಯಾಂಕ್ಸ್ ಇರುವುದು ಸುಮಾರು 65 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್ ಮಧ್ಯಾಹ್ನವೂ ಅಲ್ಲಿ ಸೂರ್ಯ 49 ಡಿಗ್ರಿ ದಾಟಿ ಮೇಲೇರುವುದಿಲ್ಲ. ಬೆಂಗಳೂರಿನಲ್ಲಿ ಡಿಸೆಂಬರ್‌ನ ನಡುಮಧ್ಯಾಹ್ನವೇ ಅದಕ್ಕಿಂತ ಎತ್ತರದಲ್ಲಿರುತ್ತಾನೆ. ಹಾಗಾಗಿ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಬಿಸಿಲುಂಡು ಬೆಚ್ಚಗಾಗುತ್ತದೆ, ನೀರು ಬಸಿದುಹೋಗುತ್ತದೆ. ಅದೇ ಗುಡ್ಡದ ಉತ್ತರ ಮಗ್ಗುಲಲ್ಲಿ ಅದೇ ಮಣ್ಣು ಬೇಸಿಗೆಯಲ್ಲೂ ಒಳಗೆ ಹೆಪ್ಪುಗಟ್ಟಿರುತ್ತದೆ. ಕೆಲವು ನೂರು ಮೀಟರ್ ಅಂತರದಲ್ಲಿ ಎರಡು ಬೇರೆ ನೆಲಗಳು!

ಮರಗಳು ಇದನ್ನೇ ಇನ್ನಷ್ಟು ಸ್ಪಷ್ಟವಾಗಿ ತೋರಿಸುತ್ತವೆ. ಬರ್ಚ್, ಆಸ್ಪೆನ್, ಬಿಳಿ ಸ್ಪ್ರೂಸ್ ನೆಟ್ಟಗೆ ಬೆಳೆದಿದ್ದರೆ ಒಳ್ಳೆಯ ಲಕ್ಷಣ. ಕುಳ್ಳಗಿನ ಕಪ್ಪು ಸ್ಪ್ರೂಸ್, ಕಾಲಿಟ್ಟರೆ ಕುಸಿಯುವ ದಪ್ಪ ಪಾಚಿ, ಅತ್ತಿತ್ತ ವಾಲಿದ ಕಾಂಡಗಳು ಕಂಡರೆ ಕೆಳಗೆ ಮಂಜುಗಡ್ಡೆ ಇದೆಯೆಂದೇ ತಿಳಿದು ಮುಂದುವರಿಯಿರಿ.

ಈಗ ಮಣ್ಣನ್ನು ಕೈಗೆತ್ತಿಕೊಳ್ಳಿ. ಮೇಲಿನ ಎಲೆಗೊಬ್ಬರದ ಪದರ ಸರಿಸಿ, ಹಿಡಿ ಮಣ್ಣು ತೆಗೆದು ತುಸು ನೀರು ಬೆರೆಸಿ ಹೆಬ್ಬೆರಳಿನಿಂದ ಒತ್ತಿ. ಮರಳಿನ ಗರಗರ ಇರುವುದಿಲ್ಲ, ಜೇಡಿಯ ಅಂಟೂ ಇರುವುದಿಲ್ಲ; ನಯವಾಗಿ ಜಾರುತ್ತದೆ, ಪಟ್ಟಿಯಾಗಿ ಎಳೆದರೆ ಬೇಗ ತುಂಡಾಗುತ್ತದೆ. ನಮ್ಮ ಕೆರೆಯ ಹೂಳಿನಲ್ಲಿ ಜೇಡಿ ಬೆರೆತು ಒಣಗಿದಾಗ ಹೆಂಟೆ ಕಟ್ಟುತ್ತದಲ್ಲ, ಇದು ಹಾಗಲ್ಲ, ಒಣಗಿದರೆ ಧೂಳಾಗುತ್ತದೆ. ಖಚಿತವಾಗಬೇಕಿದ್ದರೆ ಗಾಜಿನ ಬಾಟಲಿಯಲ್ಲಿ ಮೂರನೆಯ ಒಂದು ಭಾಗ ಮಣ್ಣು, ಉಳಿದಷ್ಟು ನೀರು, ಚಿಟಿಕೆ ಸೋಪಿನ ಪುಡಿ ಹಾಕಿ ಚೆನ್ನಾಗಿ ಕುಲುಕಿ ಇಡಿ. ಮೊದಲ ಒಂದು ನಿಮಿಷದಲ್ಲಿ ತಳಕ್ಕಿಳಿಯುವುದು ಮರಳು, ಮುಂದಿನ ಎರಡು ಗಂಟೆಯಲ್ಲಿ ಕೂರುವುದು ಹೂಳು, ಮರುದಿನವೂ ನೀರನ್ನು ಕದಡಿಟ್ಟಿರುವುದು ಜೇಡಿ. ನಡುವಿನ ಪದರವೇ ಎಲ್ಲಕ್ಕಿಂತ ದಪ್ಪವಾಗಿರುತ್ತದೆ.

ಮೊಣಕಾಲುದ್ದದ ಗುಂಡಿ ತೋಡಿ ಬಣ್ಣವನ್ನೂ ನೋಡಿ. ಕಂದು ಬಣ್ಣವಿದ್ದರೆ ನೀರು ಬಸಿಯುತ್ತಿದೆ. ಬೂದುಬಣ್ಣದ ನಡುವೆ ತುಕ್ಕಿನ ಕಲೆಗಳಿದ್ದರೆ ನೀರು ನಿಲ್ಲುತ್ತಿದೆ.

ಮಂಜುಗಡ್ಡೆ ಹುಡುಕಲು ಮೊನೆಯುಳ್ಳ ಉಕ್ಕಿನ ಸಲಾಕೆ ಸಾಕು. ಆದರೆ ಕಾಲ ಮುಖ್ಯ. ಜೂನ್‌ನಲ್ಲಿ ಚುಚ್ಚಿದರೆ ಹಿಂದಿನ ಚಳಿಗಾಲದ ಹೆಪ್ಪೇ ತಡೆಯಬಹುದು. ಕರಗುವಿಕೆ ಪೂರ್ತಿ ಆಳಕ್ಕೆ ಇಳಿದಿರುವುದು ಬೇಸಿಗೆಯ ಕೊನೆಗೆ, ಸೆಪ್ಟೆಂಬರ್ ಹೊತ್ತಿಗೆ. ಆಗ ಹಲವು ಕಡೆ ಚುಚ್ಚಿ ನೋಡಿ. ಸಲಾಕೆ ಪೂರ್ತಿ ಇಳಿದರೂ ಇನ್ನೂ ಆಳದಲ್ಲಿ ಗಡ್ಡೆ ಇರಬಹುದು. ಮನೆ ಕಟ್ಟುವವರು ಯಂತ್ರದಿಂದ ಕೊರೆಸಿಯೇ ತೀರಬೇಕು. ಈ ಖರ್ಚಿಗೆ ಹಿಂದೆಗೆಯಬೇಡಿ.

ಗಡ್ಡೆಯಿಲ್ಲದ ಕಡೆಯೂ ಈ ಮಣ್ಣು ಚಳಿಗಾಲದಲ್ಲಿ ಉಬ್ಬುತ್ತದೆ. ಹೂಳಿನ ಕಣಗಳ ನಡುವಿನ ಸಂದುಗಳು ಕೆಳಗಿನ ನೀರನ್ನು ದೀಪದ ಬತ್ತಿ ಎಣ್ಣೆ ಎಳೆದಂತೆ ಮೇಲಕ್ಕೆಳೆಯುತ್ತವೆ. ಆ ನೀರು ಹೆಪ್ಪುಗಟ್ಟುವ ಕಡೆ ಮಂಜುಗಡ್ಡೆಯ ಪದರಗಳಾಗಿ ಬೆಳೆದು ನೆಲವನ್ನು ಎತ್ತುತ್ತದೆ. ಬೇಲಿ ಕಂಬ ಮೇಲೇಳುವುದು, ಮೆಟ್ಟಿಲು ಸೀಳುವುದು ಇದರಿಂದಲೇ. ಮರಳಿನಲ್ಲಿ ಸಂದು ದೊಡ್ಡದು, ನೀರು ಅಷ್ಟು ಮೇಲೇರದು. ಜೇಡಿಯಲ್ಲಿ ಏರಿದರೂ ತೀರ ನಿಧಾನ. ನೀರು, ಚಳಿ, ಹೂಳು ಮೂರೂ ಸೇರಿದರೆ ಮಾತ್ರ ಈ ಕಾಟ. ಚಳಿ ನಮ್ಮ ಕೈಯಲ್ಲಿಲ್ಲ. ಆದ್ದರಿಂದ ಕಟ್ಟಡದ ಮೇಲ್ಮಗ್ಗುಲಲ್ಲಿ ಕಾಲುವೆ ತೆಗೆದು ನೀರನ್ನು ದೂರ ಸಾಗಿಸಿ, ಅಡಿಪಾಯದ ಕೆಳಗಿನ ಹೂಳು ತೆಗೆದು ದಪ್ಪ ಜಲ್ಲಿ ತುಂಬಿ.

ಕಾಡು ಸವರುವ ಹಂತದಲ್ಲಿ ಆತುರ ಬೇಡವೇ ಬೇಡ. ಪಾಚಿ, ಎಲೆಗೊಬ್ಬರ ಕೆಳಗಿನ ಮಂಜಿಗೆ ಬಿಸಿಲು ತಾಕದಂತೆ ಕಾಯುತ್ತಿರುತ್ತವೆ. ಫೇರ್‌ಬ್ಯಾಂಕ್ಸ್ ಸುತ್ತ ಕಳೆದ ಶತಮಾನದ ಆರಂಭದಲ್ಲಿ ಆ ಹೊದಿಕೆ ಕಿತ್ತು ಹೊಲ ಮಾಡಿದಾಗ ಒಳಗಿನ ಬೆಣೆಯಾಕಾರದ ಗಡ್ಡೆಗಳು ಕರಗಿದವು, ಸಮತಟ್ಟಾಗಿದ್ದ ಹೊಲ ದಿಬ್ಬ ತಗ್ಗುಗಳಾಗಿ ಒಡೆಯಿತು. ಭೂವಿಜ್ಞಾನಿ ಟ್ರಾಯ್ ಪೇವೆ 1954ರಲ್ಲಿ ಇದನ್ನು ವಿವರವಾಗಿ ದಾಖಲಿಸಿದ್ದಾರೆ. ಉಳಲಾಗದೆ ಕೈಬಿಟ್ಟ ಹೊಲಗಳೂ ಇದ್ದವು. ಗಡ್ಡೆಯಿರುವ ನೆಲವನ್ನು ಕಾಡಾಗಿಯೇ ಬಿಡಿ ಎಂಬುದೇ ನನ್ನ ಸಲಹೆ.

ಬೆಚ್ಚನೆಯ ಮಗ್ಗುಲಿನ ಜಾಗವಾದರೆ ನೆಲ ಹೆಪ್ಪುಗಟ್ಟಿರುವಾಗಲೇ ಮರ ತೆಗೆಸಿ; ಆಗ ಯಂತ್ರ ಮೇಲ್ಮಣ್ಣನ್ನು ಕಿತ್ತೊಯ್ಯುವುದಿಲ್ಲ. ಇಲ್ಲಿನ ಫಲವತ್ತತೆ ಬಹುಪಾಲು ಇರುವುದು ಆ ಕೆಲವು ಅಂಗುಲದಲ್ಲೇ. ತಣ್ಣನೆಯ ಮಣ್ಣಿನಲ್ಲಿ ಎಲೆ ಕೊಳೆತು ಸಾರಜನಕ ಬಿಡುವುದು ಬಲು ನಿಧಾನ, ಗೊಬ್ಬರ ಹೊರಗಿನಿಂದ ಕೊಡಲೇಬೇಕು. ಏರುಮಡಿ ಮಾಡಿ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಮಣ್ಣು ಬೇಗ ಬಿಸಿಯೇರುತ್ತದೆ. ಜೂನ್‌ನ ಸುಮಾರು 22 ಗಂಟೆಗಳ ಹಗಲಿನಲ್ಲಿ ಎಲೆಕೋಸು, ಆಲೂಗಡ್ಡೆ, ಕ್ಯಾರೆಟ್ ಹುಲುಸಾಗಿ ಬರುತ್ತವೆ.

ಒದ್ದೆಯಿರುವಾಗ ಉಳಬೇಡಿ, ಮೇಲೆ ಹೆಕ್ಕಳೆ ಕಟ್ಟಿ ಮೊಳಕೆ ಏಳುವುದಿಲ್ಲ. ಸಾಲುಗಳನ್ನು ಇಳಿಜಾರಿಗೆ ಅಡ್ಡಲಾಗಿ ತೆಗೆಯಿರಿ. ನೆಟ್ಟಗೆ ಕೆಳಗಿಳಿಯುವ ಗಾಡಿ ಜಾಡು ಬೇಗನೆ ಕೊರಕಲಾಗುತ್ತದೆ. ಕೊಯ್ಲಾದ ಮೇಲೆ ನೆಲವನ್ನು ಹುಲ್ಲು ಹೊದಿಸಿಯೇ ಚಳಿಗಾಲಕ್ಕೆ ಬಿಡಿ. ವಸಂತದ ಹಿಮ ಕರಗುವ ನೀರು ಬರಿನೆಲ ಕಂಡರೆ ಮೇಲ್ಮಣ್ಣನ್ನು ಕೊಚ್ಚಿಕೊಂಡೇ ಹೋಗುತ್ತದೆ.